ಒಂದೇ ಮಳೆಯಲ್ಲಿ ಕಳೆದುಕೊಂಡವರು: ಬಾಲ್ಯದ ಗೆಳತಿಯ ಹತ್ತಿರ ಮತ್ತೆ ಹೋಗುವುದು ಹೇಗೆ

ಫೋನ್‌ನಲ್ಲಿ ಅವಳ ನಂಬರ್ ಇದೆ, ಒತ್ತುವುದಕ್ಕೆ ಬೆರಳು ಬರುವುದಿಲ್ಲ. ಒಂದನೇ ಕ್ಲಾಸಿನಿಂದ ಒಂದೇ ಕೊಡೆಯಲ್ಲಿ ನಡೆದವಳು. ಈಗ ಕುಶಾಲನಗರ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಕಂಡರೂ ಪಕ್ಕದ ಅಂಗಡಿಯೊಳಗೆ ನುಗ್ಗಿ ಬೇಡದ ಬಿಸ್ಕತ್ತು ಕೊಳ್ಳುತ್ತೇವೆ. ಜಗಳ ಆಗಿಲ್ಲ, ಯಾರೂ ಯಾರಿಗೂ ಏನೂ ಅಂದಿಲ್ಲ. ಅವಳ ಮುಖ ಕಂಡರೆ ಆ ಬೆಳಿಗ್ಗೆ ಕಣ್ಣ ಮುಂದೆ ಬರುತ್ತದೆ, ಅಷ್ಟೇ.

ನಮ್ಮದು ಕೊಡಗು. 2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದದ್ದು ನಿಮಗೆ ನೆನಪಿರಬಹುದು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಆಗ ದಿನಾ ಟಿವಿಯಲ್ಲಿ ಬರುತ್ತಿದ್ದ ಹೆಸರುಗಳು. ನಮ್ಮ ಊರೂ ಅದೇ ಸಾಲಿನಲ್ಲಿ ಒಂದು. ಯಾವುದು ಅಂತ ಬರೆಯುವುದಿಲ್ಲ, ಬರೆದರೆ ಅವಳು ಯಾರು ಅಂತ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಅವಳು ಆ ದಿನ ಮನೆಯವರಲ್ಲಿ ಒಬ್ಬರನ್ನು ಕಳೆದುಕೊಂಡಳು. ಯಾರನ್ನು ಅನ್ನುವುದೂ ಅವಳ ಮಾತು, ನನ್ನದಲ್ಲ. ನಮ್ಮ ಮನೆ ಬೀಳಲಿಲ್ಲ, ಬಿರುಕು ಬಿಟ್ಟಿತು. ನಾವು ಉಟ್ಟ ಬಟ್ಟೆಯಲ್ಲೇ ಗಂಜಿ ಕೇಂದ್ರಕ್ಕೆ ಹೋದೆವು. ಆ ಡಿಸೆಂಬರ್‌ನಲ್ಲಿ ಅಜ್ಜ ಬಾಡಿಗೆ ಮನೆಯ ಹೊರಗಿನ ಕೋಣೆಯಲ್ಲಿ ತೀರಿಕೊಂಡರು. ಸತ್ತವರ ಪಟ್ಟಿಯಲ್ಲಿ ಅಜ್ಜನ ಹೆಸರಿಲ್ಲ. ಮಣ್ಣು ಬಿದ್ದು ಸತ್ತದ್ದಲ್ಲವಲ್ಲ.

ನಾಲ್ಕು ವರ್ಷ ನಾನೂ ಅವಳೂ ಮಾತಾಡಲಿಲ್ಲ. ಆಮೇಲೆ ಮಾತಾಡಿದೆವು. ನಡುವೆ ಏನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಎಲ್ಲಿ ಪೆದ್ದುತನ ಮಾಡಿದೆ ಅಂತ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮದು ಬರೆ ಕುಸಿತ ಆಗದೆ ಕೆರೆಯಲ್ಲಿ ಮುಳುಗಿದ ಸ್ನೇಹಿತ, ಒಂದೇ ಕಾರಿನಲ್ಲಿ ಆದ ಅಪಘಾತ, ಕೋವಿಡ್‌ನಲ್ಲಿ ಎರಡೂ ಮನೆಯಲ್ಲಿ ಆದ ಸಾವು, ಏನೇ ಆಗಿರಬಹುದು. ಮಳೆ ಅಂತ ಬರೆದ ಕಡೆ ನಿಮ್ಮ ಪದ ಹಾಕಿ ಓದಿ.

ಮೊದಲು, ಏನನ್ನು ತಪ್ಪಿಸಿಕೊಳ್ಳುತ್ತಿದ್ದೀರಿ ಅಂತ ನೋಡಿ

ಒಂದು ಹಾಳೆ ತಗೊಳ್ಳಿ. "ಅವಳನ್ನು ಕಂಡರೆ ನನಗೆ ಏನಾಗುತ್ತದೆ ಅಂತ ಭಯ?" ಅಂತ ಬರೆದು ಕೆಳಗೆ ಬಂದದ್ದನ್ನೆಲ್ಲ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ಆಮೇಲೆ ಒಲೆಗೆ ಹಾಕಿ. ನನ್ನ ಹಾಳೆಯಲ್ಲಿ ಮೂರು ಸಾಲು ಇತ್ತು. ಅವಳು ಅಳುತ್ತಾಳೆ. ನಾನು ಅಳುತ್ತೇನೆ. ಮೂರನೆಯದು, ಅವಳಿಗೆ ಆ ಫೋನ್ ನೆನಪಿರುತ್ತದೆ.

ಮೊದಲ ಎರಡಕ್ಕೆ ಟವಲ್ ಸಾಕು. ನಾಲ್ಕು ವರ್ಷ ತಿಂದದ್ದು ಮೂರನೆಯದು. ಅದರ ಬಗ್ಗೆ ಮುಂದೆ ಬರೆಯುತ್ತೇನೆ. ನಿಮ್ಮ ಹಾಳೆಯಲ್ಲೂ ಇಂಥ ಒಂದು ಸಾಲು ಇದ್ದರೆ ಅದನ್ನು ಬೇರೆಯಾಗಿ ಎತ್ತಿಡಿ. ಮೊದಲ ಭೇಟಿಯಲ್ಲೇ ಅದನ್ನು ಹೇಳುವುದಕ್ಕೆ ಹೋಗಬೇಡಿ.

ದಿನ ಆರಿಸಿ, ಆದರೆ ವರ್ಷದ ದಿನ ಬೇಡ

ಎಲ್ಲರೂ ಮಾಡುವ ತಪ್ಪು ಇದು. ಆಗಸ್ಟ್ 16 ಬಂತು, ಈವತ್ತಾದರೂ ಫೋನ್ ಮಾಡೋಣ ಅಂತ ಮಾಡುವುದು. ಆ ದಿನ ಅವಳಿಗೆ ನಲವತ್ತು ಫೋನ್ ಬಂದಿರುತ್ತದೆ. ಅದರಲ್ಲಿ ಅರ್ಧ ಜನ ಆ ವರ್ಷ ಮತ್ತೆ ಮಾಡುವುದಿಲ್ಲ. ನೀವು ನಲವತ್ತೊಂದನೆಯವರಾಗಬೇಡಿ.

ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಚಿಕ್ಕ ದಿನ ಒಂದಿರುತ್ತದೆ, ಅದನ್ನು ಹುಡುಕಿ. ನಾನು ಆರಿಸಿದ್ದು ಆಗಸ್ಟ್ 3. ಕೊಡವರು ಕಕ್ಕಡ ಹದಿನೆಂಟು ಅನ್ನುತ್ತಾರೆ, ನಮ್ಮಲ್ಲಿ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ, ನೇರಳೆ ಬಣ್ಣದ್ದು. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ನಾವು ಹುಡುಗಿಯರು ಮರುದಿನ ಶಾಲೆಗೆ ಬಂದು ಯಾರದ್ದು ಜಾಸ್ತಿ ಕೆಂಪು ಅಂತ ಜಗಳ ಆಡಿದ್ದೆವು. ಅಸಹ್ಯ ಅನಿಸಿದರೆ ಕ್ಷಮಿಸಿ, ಬಾಲ್ಯ ಇರುವುದೇ ಹಾಗೆ. ನಾನು ಕಳಿಸಿದ ಮೆಸೇಜ್ ಇಷ್ಟೇ: "ಪಾಯಸ ಮಾಡಿದ್ಯಾ? ಇಲ್ಲಿ ಮೈಸೂರಲ್ಲಿ ಸೊಪ್ಪೇ ಸಿಗ್ಲಿಲ್ಲ."

ಉತ್ತರ ಬರಲು ಹನ್ನೊಂದು ದಿನ ಆಯಿತು. "ಸೊಪ್ಪು ಇಲ್ಲೂ ಸಿಗಲ್ಲ ಮಾರಾಯ್ತಿ, ಈ ಲೇಔಟಲ್ಲಿ ಬರೀ ಕಾಂಕ್ರೀಟು."

ಮೊದಲ ಮೆಸೇಜಿನಲ್ಲಿ "ಹೇಗಿದ್ದೀಯ" ಅಂತ ಕೇಳಬೇಡಿ. ಸತ್ತವರ ಮನೆಯವರಿಗೆ ಅದಕ್ಕೆ ಉತ್ತರ ಕೊಡುವುದು ದೊಡ್ಡ ಕೆಲಸ. ಚೆನ್ನಾಗಿದ್ದೀನಿ ಅಂದರೆ ಸುಳ್ಳು, ಇಲ್ಲ ಅಂದರೆ ಮುಂದಕ್ಕೆ ವಿವರ ಹೇಳಬೇಕು. ಹೌದು-ಇಲ್ಲ ಅನ್ನುವಂಥ ಸಣ್ಣ ಪ್ರಶ್ನೆ ಕೇಳಿ. "ಕ್ಷಮಿಸು, ಇಷ್ಟು ದಿನ ಮಾತಾಡಿಲ್ಲ" ಅಂತ ಉದ್ದ ಬರೆಯುವುದೂ ಬೇಡ. ಅದನ್ನು ಓದಿದವಳು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಫೋಟೋ ತಗೊಂಡು ಹೋಗಿ

ಮನೆ ಮಣ್ಣಿನಡಿ ಹೋದವರಿಗೆ ಹೊಸ ಮನೆ ಸಿಕ್ಕಿತು. ಕರ್ಣಂಗೇರಿ, ಮದೆ, ಜಂಬೂರು, ಹೀಗೆ ಬೇರೆ ಬೇರೆ ಕಡೆ. ಪಾತ್ರೆ, ಹಾಸಿಗೆ, ಅಕ್ಕಿ ರಾಜ್ಯದ ಮೂಲೆಮೂಲೆಯಿಂದ ಬಂತು. ಯಾರೂ ತಂದುಕೊಡಲಾಗದೆ ಹೋದದ್ದು ಫೋಟೋ. ಮದುವೆ ಆಲ್ಬಮ್, ನಾಮಕರಣದ್ದು, ಗೋಡೆಗೆ ತೂಗುಹಾಕಿದ್ದ ಹಿರಿಯರದ್ದು, ಎಲ್ಲ ಹೋಯಿತು. ಇದರಲ್ಲಿ ಒಂದಷ್ಟು ಬಾಲ್ಯದ ಗೆಳತಿಯ ಮನೆಯ ಟ್ರಂಕಿನಲ್ಲಿ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ.

ನಮ್ಮ ಅಮ್ಮನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಏಳನೇ ಕ್ಲಾಸಿನ ಗ್ರೂಪ್ ಫೋಟೋ, 2002-03 ಅಂತ ಸ್ಲೇಟಿನಲ್ಲಿ ಬರೆದದ್ದು. ಅದರ ಕೆಳಗೆ ಇನ್ನೊಂದು, ನಮ್ಮ ಚಿಕ್ಕಮ್ಮನ ನಿಶ್ಚಿತಾರ್ಥದ ದಿನ ಅವಳ ಮನೆ ಕಣದಲ್ಲಿ ತೆಗೆದದ್ದು. ನಾವಿಬ್ಬರೂ ಒಂದೇ ಬಣ್ಣದ ಲಂಗ ಹಾಕಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಹಿಂದೆ ಅವಳ ಮನೆಯ ಗೋಡೆ, ನೀಲಿ ಬಾಗಿಲು, ಬಾಗಿಲ ಪಕ್ಕ ಒಣಗಲು ಹಾಕಿದ ಮೂರು ಗೋಣಿಚೀಲ. ಬಾಗಿಲ ಹತ್ತಿರ ಅರ್ಧ ಕಾಣುವ ಒಬ್ಬರು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದಾರೆ, ಮುಖ ಇಲ್ಲ. ಅಷ್ಟು ಸಲ ನೋಡಿದ್ದ ಫೋಟೋದಲ್ಲಿ ಆ ಬಗ್ಗಿದವರನ್ನು ನಾನು ನೋಡಿಯೇ ಇರಲಿಲ್ಲ. ಅವಳು ಚಪ್ಪಲಿಯಿಂದಲೇ ಗುರುತು ಹಿಡಿದಳು.

ಇದನ್ನು ಮಾಡುವ ರೀತಿ ಹೇಳುತ್ತೇನೆ. ಹಳೇ ಫೋಟೋ ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಹರಿದು ಹೋಗುತ್ತದೆ. ಆಲ್ಬಮ್ ಸಮೇತ ಕಿಟಕಿ ಬೆಳಕಿನಲ್ಲಿ ಮಟ್ಟಸವಾಗಿ ಇಟ್ಟು, ಫ್ಲ್ಯಾಷ್ ಆಫ್ ಮಾಡಿ, ನೇರ ಮೇಲಿಂದ ಫೋನ್‌ನಲ್ಲಿ ತೆಗೆಯಿರಿ. ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೇದು. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಮತ್ತೆ ದಯವಿಟ್ಟು, ಹೇಳದೆ ಕಳಿಸಬೇಡಿ. "ನಿಮ್ಮ ಹಳೇ ಮನೆ ಕಾಣುವ ಒಂದು ಫೋಟೋ ಸಿಕ್ಕಿದೆ, ಬೇಕಾದಾಗ ಹೇಳು" ಅಂತ ಕೇಳಿ ಕಾಯಿರಿ. ಅಂಗಡಿಯಲ್ಲಿ ಕ್ಯೂನಲ್ಲಿ ನಿಂತಿದ್ದಾಗ ಮನೆ ಫೋಟೋ ಬಂದರೆ ಅವಳು ಏನು ಮಾಡಬೇಕು? ನಾನು ಪ್ರಿಂಟ್ ಹಾಕಿಸಿ ಕವರಿನಲ್ಲಿಟ್ಟು ಕೊಟ್ಟೆ. ಕವರ್ ಅಂಟಿಸಿದ್ದೆ, ನಾನು ಹೋದ ಮೇಲೆ ತೆಗೆದರೂ ಆಯಿತು ಅಂತ. ಅವಳು ಆಗಲೇ ತೆಗೆದಳು.

ಎದುರುಬದುರು ಕೂರಬೇಡಿ

ಸೋಫಾದಲ್ಲಿ ಎದುರು ಕೂತು ಕಾಫಿ ಲೋಟ ಹಿಡಿದರೆ ಮಾತು ಬರುವುದಿಲ್ಲ. ಬಂದರೂ ಸಂತಾಪ ಸೂಚಿಸಲು ಬಂದ ಹಾಗೆ ಬರುತ್ತದೆ. ಪಕ್ಕಪಕ್ಕ ಕೂತು ಕೈಯಲ್ಲಿ ಮಾಡುವ ಕೆಲಸ ಒಂದು ಇರಲಿ.

ನಮಗೆ ಸಿಕ್ಕಿದ್ದು ಕಣಿಲೆ. ಅವಳ ಅವ್ವ ಸಂತೆಯಿಂದ ತಂದದ್ದು. ಎಳೆ ಬಿದಿರನ್ನು ತೆಳ್ಳಗೆ ಹೆಚ್ಚಿ ನೀರಲ್ಲಿ ನೆನೆ ಹಾಕಬೇಕು, ದಿನಾ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಕಹಿ, ಹೊಟ್ಟೆಗೂ ಆಗುವುದಿಲ್ಲ. ಹೆಚ್ಚುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಕಣ್ಣು ಕತ್ತಿಯ ಮೇಲೇ ಇರಬೇಕು. ಅದೇ ಬೇಕಾದದ್ದು. ಅರ್ಧ ಗಂಟೆ ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಅವಳು ತಲೆ ಎತ್ತದೆ, "ಆವತ್ತು ತೋಡಿನ ನೀರು ರಾತ್ರಿಯೇ ಕೆಂಪಾಗಿತ್ತು ಗೊತ್ತಾ" ಅಂದಳು. ನಾನೂ ತಲೆ ಎತ್ತಲಿಲ್ಲ. "ಹ್ಞೂಂ" ಅಂದೆ. ಅಷ್ಟೇ. ಅವಳು ಹೇಳುತ್ತಾ ಹೋದಳು.

ನಿಮಗೆ ಕಣಿಲೆ ಸಿಗದಿದ್ದರೆ ಬಟಾಣಿ ಬಿಡಿಸಿ, ಕಾರಿನಲ್ಲಿ ಹೋಗಿ, ಮಗುವಿನ ಪುಸ್ತಕಕ್ಕೆ ಬೈಂಡ್ ಹಾಕಿ. ಗಂಡಸರಿಗೆ ಒಂದು ಮಾತು: ನಮ್ಮ ಕಡೆ ಇಬ್ಬರು ಸ್ನೇಹಿತರು ಸೇರಿದರೆ ಮಧ್ಯೆ ಬಾಟ್ಲಿ ಬರುತ್ತದೆ. ಮೊದಲ ಸಲದ ಮಾತು ಕುಡಿದಾಗ ಬೇಡ. ಕುಡಿದು ಅತ್ತವನಿಗೆ ಮರುದಿನ ನಾಚಿಕೆ ಆಗುತ್ತದೆ, ಆ ನಾಚಿಕೆಗೆ ಇನ್ನೆರಡು ವರ್ಷ ಮುಖ ತೋರಿಸುವುದಿಲ್ಲ. ನಮ್ಮ ಅಣ್ಣನ ವಿಷಯದಲ್ಲಿ ಹೀಗೇ ಆಗಿದೆ.

ಅವಳು ಹೇಳದಿದ್ದರೆ ಕೇಳಬೇಡಿ. "ಎಲ್ಲ ಹೇಳಿಬಿಡು, ಹಗುರ ಆಗ್ತದೆ" ಅನ್ನುವವರು ಗಂಜಿ ಕೇಂದ್ರದಲ್ಲಿ ದಿನಕ್ಕೆ ಹತ್ತು ಜನ ಬರುತ್ತಿದ್ದರು, ಕೆಲವರ ಕೈಯಲ್ಲಿ ಮೈಕೂ ಇತ್ತು. ಒತ್ತಾಯ ಮಾಡಿ ಹೇಳಿಸುವುದು ತಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದುರಂತದ ಜಾಗದಲ್ಲಿ ಕೆಲಸ ಮಾಡುವವರಿಗೆ ಅಂತ 2011ರಲ್ಲಿ ಅವರು ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಒಂದನ್ನು ತಂದರು. ಅದರ ಸಾರ ಮೂರು ಕೆಲಸ: ಸುತ್ತ ನೋಡು, ಕೇಳಿಸಿಕೋ, ಬೇಕಾದ ಸಹಾಯದ ಜೊತೆ ಜೋಡಿಸು. ಬಾಯಿ ಬಿಡಿಸು ಅಂತ ಅದರಲ್ಲಿಲ್ಲ.

ಊರಿನ ನಕ್ಷೆ ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಊರಿನ ಆ ಭಾಗ ಈಗ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಮೇಲಿಂದ ಕೆಳಗೆ ಬಳಿದ ಹಾಗೆ ಕೆಂಪು ಗೆರೆ ಇತ್ತು, ಈಚೆಗೆ ಹಸಿರು ಬಂದಿದೆ. ಅಲ್ಲಿ ಏನೇನಿತ್ತು ಅಂತ ಗೊತ್ತಿರುವವರು ವರ್ಷಕ್ಕೊಬ್ಬರು ಕಮ್ಮಿ ಆಗುತ್ತಿದ್ದಾರೆ. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರು ಬೇರೆ ಊರಿನವರು. ಅವರ ಹತ್ತಿರ "ನಮ್ಮ ಮನೆ ಕೆಳಗಿನ ತಿರುವು" ಅಂದರೆ ಯಾವ ತಿರುವು ಅಂತ ಕೇಳುತ್ತಾರೆ. ಬಾಲ್ಯದ ಗೆಳತಿ ಕೇಳುವುದಿಲ್ಲ.

ಕ್ಯಾಲೆಂಡರಿನ ಹಿಂಭಾಗ ತಗೊಳ್ಳಿ, ದೊಡ್ಡದಿರುತ್ತದೆ. ಪೆನ್ಸಿಲ್ ಬೇಕು, ಪೆನ್ ಬೇಡ, ಅಳಿಸುವುದು ತುಂಬ ಇರುತ್ತದೆ. ಮೊದಲು ರಸ್ತೆ, ಆಮೇಲೆ ತೋಡು, ಅಂದರೆ ಹಳ್ಳ. ಆಮೇಲೆ ಶಾಲೆಯಿಂದ ಹೊರಟು ನಡೆದು ಬಂದ ಹಾಗೆ ಒಂದೊಂದೇ ಹಾಕಿ. ಮನೆಗಳನ್ನು ಕೊನೆಗೆ ಹಾಕಿ. ನಾವು ಹಾಕಿದ್ದು: ಬಸ್ ನಿಲ್ಲುವ ಮೋರಿ, ಮಿಠಾಯಿ ಅಂಗಡಿ, ಜಿಗಣೆ ಜಾಸ್ತಿ ಇರುವ ಇಳಿಜಾರು, ಪಲ್ಪರ್ ಶೆಡ್ಡು, ಲೈನ್ ಮನೆ, ಕಿತ್ತಳೆ ಮರ, ಒಂದು ಸಲ ನಾವು ಹುಳಿ ಹಣ್ಣು ಕದ್ದು ಸಿಕ್ಕಿಬಿದ್ದ ಬೇಲಿ. ಗದ್ದೆ ಬದಿಯ ಹಲಸಿನ ಮರ ತೋಡಿನ ಈಚೆ ಅಂತ ನಾನು, ಆಚೆ ಅಂತ ಅವಳು. ಅವಳ ಅವ್ವ ಒಳಗಿಂದ ಬಂದು, ಹಲಸು ಎರಡಿತ್ತು, ಒಂದನ್ನು ನೀವು ಹುಟ್ಟುವ ಮೊದಲೇ ಕಡಿದಿದ್ದಾರೆ ಅಂದರು. ನಾವಿಬ್ಬರೂ ಬೆಪ್ಪಾದೆವು. ಅಂದರೆ ನಮ್ಮಲ್ಲಿ ಒಬ್ಬಳು ನೋಡದ ಮರವನ್ನು ನೆನಪಿಟ್ಟುಕೊಂಡಿದ್ದಾಳೆ! ಆ ಜಗಳ ಇನ್ನೂ ಮುಗಿದಿಲ್ಲ.

ಇದರಿಂದ ಆದದ್ದು ಇಷ್ಟು. ಆ ಊರು ಅಂದರೆ ನಮಗೆ ನಾಲ್ಕು ವರ್ಷ ಒಂದೇ ಚಿತ್ರ ಇತ್ತು, ಮಣ್ಣಿನದು. ಆಗ ಕೊಡಗಿನ ಒಂದು ಮನೆ ಜಾರಿ ಬೀಳುವ ವಿಡಿಯೋ ಇಡೀ ದೇಶ ನೋಡಿತು, ಈಗಲೂ ಪ್ರತಿ ಆಗಸ್ಟ್ ಯಾರೋ ಗ್ರೂಪಿಗೆ ಹಾಕುತ್ತಾರೆ. ನಕ್ಷೆ ಬರೆಯುವಾಗ ಅದರ ಹಿಂದಿನ ಇಪ್ಪತ್ತೆಂಟು ವರ್ಷ ಒಂದೊಂದೇ ಮೇಲೆ ಬಂತು. ಅವಳ ಮನೆಯ ಚೌಕ ಬರೆಯುವಾಗ ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ಅದನ್ನು ನೀವು ಬರೆಯಬೇಡಿ.

ಎತ್ತಿಟ್ಟ ಆ ಮಾತು

ಆಗಸ್ಟ್ 15ರ ಸಂಜೆ ಅವಳು ಫೋನ್ ಮಾಡಿದ್ದಳು. ನಾನು ರಜೆಗೆ ಅಂತ ತವರಿಗೆ ಹೋಗಿದ್ದೆ, ಕರೆಂಟ್ ಹೋಗಿ ಎರಡು ದಿನ, ಫೋನ್ ಬ್ಯಾಟರಿ ನಾಲ್ಕು ಪರ್ಸೆಂಟ್. "ನಾವೆಲ್ಲ ನಿಮ್ಮನೆಗೆ ಬರ್ಲಾ? ಇಲ್ಲಿ ಎಂತದೋ ಸೌಂಡ್ ಬರ್ತಾ ಉಂಟು" ಅಂದಳು. ನಾನು, "ನಾಳೆ ಮಳೆ ಕಮ್ಮಿ ಆಗ್ತದೆ ಬಿಡು, ಈ ಕತ್ತಲಲ್ಲಿ ಎಲ್ಲಿ ಬರ್ತೀರಾ" ಅಂದೆ. ಫೋನ್ ಆಫ್ ಆಯಿತು.

ಹಾಳೆಯ ಮೂರನೇ ಸಾಲು ಇದು. ಬದುಕಿ ಉಳಿದವರಿಗೆಲ್ಲ ಇಂಥದ್ದೊಂದು ಇರುತ್ತದೆ ಅಂತ ಈಗ ಗೊತ್ತಾಗಿದೆ. ಹಸು ಬಿಚ್ಚಲಿಲ್ಲ, ಕೈ ಬಿಟ್ಟೆ, ಬಸ್ ಹತ್ತಿಸಿದೆ, ಹೋಗು ಅಂದೆ, ಹೋಗಬೇಡ ಅಂದೆ.

ಇದನ್ನು ಹೇಳುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಮೂರು ನಾಲ್ಕು ಸಲ ಭೇಟಿ ಆಗಿರಲಿ. ಅವಳ ಮನೆಯಲ್ಲಿ ಬೇರೆ ಜನ ಇಲ್ಲದಾಗ ಹೇಳಿ. ಮುಖ್ಯವಾಗಿ, ಅವಳು ಬೈದರೂ ತಡೆದುಕೊಳ್ಳುವ ಶಕ್ತಿ ನಿಮಗಿರಲಿ. "ಇಲ್ಲ ಮಾರಾಯ್ತಿ, ನಿನ್ನ ತಪ್ಪಲ್ಲ" ಅನ್ನಿಸಿಕೊಳ್ಳುವುದಕ್ಕೇ ಹೋಗುತ್ತಿದ್ದರೆ ಇನ್ನೂ ಆರು ತಿಂಗಳು ಕಾಯಿರಿ. ಅನುಮತಿ ಕೇಳಿ: "ಆ ದಿನದ್ದು ಒಂದು ಮಾತಿದೆ, ಹೇಳ್ಲಾ? ಈಗ ಬೇಡ ಅಂದ್ರೆ ಬೇಡ." ಹೇಳಿದರೆ ಚಿಕ್ಕದಾಗಿ ಹೇಳಿ ಮುಗಿಸಿ, ಕಾರಣ ಕೊಡಬೇಡಿ. ಬ್ಯಾಟರಿ ನಾಲ್ಕು ಪರ್ಸೆಂಟ್ ಇತ್ತು ಅನ್ನುವುದನ್ನು ನಾನು ಹೇಳಲಿಲ್ಲ, ಇಲ್ಲಿ ಬರೆದು ಬಿಟ್ಟೆ ನೋಡಿ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀನು ಬನ್ನಿ ಅಂದಿದ್ರೂ ನಾವು ಬರ್ತಿರ್ಲಿಲ್ಲ. ಹಸು ಗಬ್ಬ ಇತ್ತು, ಅವ್ವ ಬಿಟ್ಟು ಬರ್ತಿರ್ಲಿಲ್ಲ. ನಾನು ಸುಮ್ನೆ ಕೇಳಿದ್ದು" ಅಂದಳು. ನಿಜವೋ ನನಗಾಗಿ ಹೇಳಿದ್ದೋ ಗೊತ್ತಿಲ್ಲ. ಕೇಳುವುದಕ್ಕೂ ಹೋಗಿಲ್ಲ.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ಅವಳು ಎದ್ದು ಹೋಗಬಹುದು. ಹೋದರೆ ಹಿಂದೆ ಹೋಗಬೇಡಿ, ಒಂದು ವಾರ ಬಿಟ್ಟು ಆ ವಿಷಯ ಇಲ್ಲದ ಮೆಸೇಜ್ ಹಾಕಿ.

ಅಳತೆ ಮತ್ತು ದುಡ್ಡು

ಹತ್ತಿರದವರು ದೂರ ಆಗುವುದು ಜಾಸ್ತಿ ಇಲ್ಲೇ. ಯಾರದ್ದು ಪೂರ್ತಿ ಹೋಯಿತು, ಯಾರದ್ದು ಬರೀ ಬಿರುಕು. ಯಾರಿಗೆ ಮನೆ ಸಿಕ್ಕಿತು, ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ವಿಪತ್ತು ಪರಿಹಾರ ನಿಧಿಯಿಂದ ಸತ್ತವರ ಮನೆಗೆ 4 ಲಕ್ಷ ಕೊಡುವ ನಿಯಮ ಇತ್ತು. ಅದನ್ನು "ಅವರಿಗೇನು, ದುಡ್ಡು ಬಂತಲ್ಲ" ಅಂದವರನ್ನು ನಾನೇ ಕೇಳಿದ್ದೇನೆ. ಗುಡ್ಡ ಕಡಿದವರು ಯಾರು ಅನ್ನುವ ಜಗಳ ಬೇರೆ. ಭೂವಿಜ್ಞಾನಿಗಳು ಹೇಳಿದ್ದು ವಿಪರೀತ ಮಳೆ ಒಂದು ಕಾರಣ, ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದು ಇನ್ನೊಂದು ಅಂತ. ಊರಿನಲ್ಲಿ ಅದು "ನಿಮ್ಮ ಜೆಸಿಬಿ, ನಮ್ಮ ಜೆಸಿಬಿ" ಆಗುತ್ತದೆ.

ನಿಮ್ಮಿಬ್ಬರ ಮಧ್ಯೆ ಒಂದು ಒಪ್ಪಂದ ಮಾಡಿಕೊಳ್ಳಿ: ದುಡ್ಡಿನ ಮಾತು ಬಂದಾಗ ಅದು ಅರ್ಜಿಯ ಬಗ್ಗೆ ಮಾತ್ರ, ನ್ಯಾಯದ ಬಗ್ಗೆ ಅಲ್ಲ. "ನಿನ್ನಷ್ಟು ನನಗೆ ಆಗಿಲ್ಲ" ಅನ್ನುವ ಮಾತನ್ನೂ ನಿಲ್ಲಿಸಿ. ನಾನು ಅದನ್ನು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಿದ್ದೆ. ಒಂದು ದಿನ ಅವಳು, "ಹಾಗಾದ್ರೆ ಅಜ್ಜನ ಬಗ್ಗೆ ಯಾರ ಹತ್ರ ಅಳ್ತೀಯಾ?" ಅಂದಳು.

ಇನ್ನೊಂದು, ಇಬ್ಬರಿಗೂ ಒಂದೇ ದಿನ ಒಂದೇ ಥರ ಇರುವುದಿಲ್ಲ. ದುಃಖಕ್ಕೆ ಐದು ಹಂತ ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಹೇಳಿದ್ದು ಸಾಯುವ ಹಂತದಲ್ಲಿದ್ದ ರೋಗಿಗಳನ್ನು ನೋಡಿ. ಮೆಟ್ಟಿಲು ಹತ್ತಿದ ಹಾಗೆ ಅದು ಆಗುವುದಿಲ್ಲ. ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರು ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಷುಟ್ 1999ರಲ್ಲಿ ಹೇಳಿದ್ದು ನನಗೆ ಸರಿ ಕಾಣುತ್ತದೆ. ಮನಸ್ಸು ಜೋಕಾಲಿ ಹಾಗೆ, ಸ್ವಲ್ಪ ಹೊತ್ತು ಹೋದವರ ಕಡೆ, ಸ್ವಲ್ಪ ಹೊತ್ತು ಗ್ಯಾಸ್ ಬುಕ್ ಮಾಡುವ ಕಡೆ. ನೀವು ಅಳುವ ದಿನ ಅವಳು ಟೈಲ್ಸ್ ಬಣ್ಣದ ಬಗ್ಗೆ ಮಾತಾಡಿದರೆ ಅವಳು ಮರೆತಿದ್ದಾಳೆ ಅಂತಲ್ಲ. ಜೋಕಾಲಿ ಆ ಕಡೆ ಇದೆ. ಟೈಲ್ಸ್ ಬಗ್ಗೆ ಮಾತಾಡಿ.

ಕಾಗದ ಪತ್ರ

ಸಮಾಧಾನಕ್ಕಿಂತ ಇದು ಜಾಸ್ತಿ ಉಪಯೋಗ. ಮಾರ್ಕ್ಸ್ ಕಾರ್ಡ್, ಪಹಣಿ, ರೇಷನ್ ಕಾರ್ಡ್, ವಂಶವೃಕ್ಷ, ಒಂದಕ್ಕೆ ಓಡಾಡಿದರೆ ಇನ್ನೊಂದು ಕೇಳುತ್ತಾರೆ. ಜೊತೆಗೆ ಹೋಗಿ, ಕ್ಯೂನಲ್ಲಿ ನಿಲ್ಲಿ, ಜೆರಾಕ್ಸ್ ಎರಡು ಸೆಟ್ ಜಾಸ್ತಿ ಮಾಡಿಸಿ.

ದೇಹ ಸಿಗದವರ ಮನೆಯ ಕಷ್ಟ ಬೇರೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾರೆ ಅಂತ ತಿಳಿಯುವುದು ನಮ್ಮ ಸಾಕ್ಷ್ಯ ಕಾನೂನಿನ ಮಾಮೂಲಿ ಲೆಕ್ಕ. ದೊಡ್ಡ ದುರಂತದಲ್ಲಿ ಸರ್ಕಾರ ಅಷ್ಟು ಕಾಯಿಸದೆ ವಿಶೇಷ ಆದೇಶ ಮಾಡುವುದುಂಟು. 2004ರ ಸುನಾಮಿ, 2013ರ ಉತ್ತರಾಖಂಡ, ಈಚೆಗೆ ವಯನಾಡ್, ಈ ಮೂರು ಕಡೆಯೂ ಮಾಡಿದರು. ಇದಕ್ಕೆ ಕಾಣೆಯಾದ ದೂರು ಪೊಲೀಸ್ ಠಾಣೆಯಲ್ಲಿ ದಾಖಲಾಗಿರಬೇಕು. ದೂರು ಕೊಟ್ಟರೆ ಸತ್ತರು ಅಂತ ಒಪ್ಪಿಕೊಂಡ ಹಾಗೆ ಅಂತ ಮನೆಯವರು ಮುಂದೂಡುತ್ತಾರೆ. ಇಲ್ಲಿ ಗೆಳತಿ ಬೇಕು. ಒತ್ತಾಯ ಮಾಡಬೇಡಿ, ನೀವೇ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡಿರಿ.

ಬೇರೆ ಕಡೆ ಗುಡ್ಡ ಜಾರಿದಾಗ

2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಅದೇ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಪ್ರತಿ ಸಲ ನಮ್ಮದು ಮತ್ತೆ ಆಗುತ್ತದೆ. ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನ ಗ್ರೂಪುಗಳನ್ನು ಮ್ಯೂಟ್ ಮಾಡಿ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ. ಮಳೆಯ ಎಚ್ಚರಿಕೆ ಮಾತ್ರ ಬೇಕೇ ಬೇಕು. ಅದನ್ನು ನೋಡುವ ಕೆಲಸ ನಾವು ಹಂಚಿಕೊಂಡಿದ್ದೇವೆ. ಮೈಸೂರಿನಲ್ಲಿರುವ ನಾನು ಹವಾಮಾನ ಇಲಾಖೆಯ ಅಲರ್ಟ್ ನೋಡುತ್ತೇನೆ, ರೆಡ್ ಇದ್ದರೆ ಅವಳ ತಮ್ಮನಿಗೆ ಫೋನ್ ಮಾಡುತ್ತೇನೆ. ಅವಳು ನೋಡುವುದಿಲ್ಲ. ಶೀಟಿನ ಮೇಲೆ ಮಳೆ ಜೋರಾದರೆ ಅವಳು ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ, ನಾನು ತಿರುಗಿ ಮಾಡಿ ಬೇರೇನಾದರೂ ಮಾತಾಡುತ್ತೇನೆ, ಸೀರಿಯಲ್ ಕಥೆ, ಅತ್ತೆ ಕಥೆ. ರಾತ್ರಿ ಎರಡು ಗಂಟೆಗೂ ಆಗಿದೆ, ಮನೆಯವರು ಬೈದದ್ದೂ ಆಗಿದೆ.

ಗೆಳೆತನಕ್ಕೆ ಮೀರಿದ್ದು

ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ಕೆಲಸಕ್ಕೆ ಏಳಲಾಗುವುದಿಲ್ಲ, ಹೋದವರ ಹೊರತು ಬೇರೆ ಯೋಚನೆ ಇಲ್ಲ, ಹೀಗೆ ಆರು ತಿಂಗಳು ದಾಟಿದರೆ ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಹೆಸರು ಕೊಟ್ಟಿದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಇರುತ್ತಾರೆ. ಮೊದಲ ಸಲ ನೀವೇ ಜೊತೆಗೆ ಹೋಗಿ, ಹೊರಗೆ ಕೂತಿರಿ.

"ನಾನೂ ಅವತ್ತೇ ಹೋಗಬೇಕಿತ್ತು" ಅನ್ನುವ ಮಾತು ಬಂದರೆ ಮಾತು ತಿರುಗಿಸಬೇಡಿ. "ಸಾಯ್ಬೇಕು ಅನ್ನಿಸ್ತಾ ಇದ್ಯಾ?" ಅಂತ ನೇರ ಕೇಳಿ. ಕೇಳಿದ್ದರಿಂದ ಯೋಚನೆ ಬರುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟದ ಮನೆಗಳಲ್ಲಿ ಗಿಡಕ್ಕೆ ಹೊಡೆಯುವ ಔಷಧಿ ಡಬ್ಬ ಇರುತ್ತದೆ, ಕೊಡಗಿನ ಮನೆ ಆದರೆ ಕೋವಿಯೂ ಇರಬಹುದು. ಎರಡನ್ನೂ ಆ ಮನೆಯಿಂದ ತೆಗೆಸಿ, ನೆಂಟರ ಮನೆಯಲ್ಲಿ ಬೀಗ ಹಾಕಿಸಿ. ಅವಳಿಗೆ ಬೇಜಾರಾಗುತ್ತದೆ ಅಂತ ಸಂಕೋಚ ಬೇಡ.

ಉತ್ತರ ಬರದಿದ್ದರೆ

ನಮ್ಮ ಕೊಡೆಯಡಿ ಮೂರನೆಯವಳೊಬ್ಬಳಿದ್ದಳು. ಮಧ್ಯೆ ನಡೆಯುತ್ತಿದ್ದದ್ದು ಅವಳೇ, ಅದಕ್ಕೆ ಅವಳೊಬ್ಬಳು ನೆನೆಯುತ್ತಿರಲಿಲ್ಲ. ಕೇರಳದ ಕಡೆಗೆ ಮದುವೆಯಾಗಿ ಹೋದಳು. 2018 ಆದಮೇಲೆ ಊರಿಗೆ ಬಂದಿಲ್ಲ, ಯಾರ ಫೋನೂ ಎತ್ತುವುದಿಲ್ಲ. ನಕ್ಷೆಯ ಫೋಟೋ ಕಳಿಸೋಣ ಅಂತ ಒಮ್ಮೆ ಅಂದುಕೊಂಡೆವು, ಬೇಡ ಅಂತ ಬಿಟ್ಟೆವು. ಅವಳು ಕೇಳಿಲ್ಲವಲ್ಲ. ವರ್ಷಕ್ಕೆ ಎರಡು ಮೆಸೇಜ್ ಮಾತ್ರ ಕಳಿಸುತ್ತೇವೆ, ಆಟಿ ಹದಿನೆಂಟಕ್ಕೆ ಒಂದು, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಒಂದು. ಎರಡು ಸಾಲು, ಪ್ರಶ್ನೆ ಇಲ್ಲದ್ದು. ನೀಲಿ ಟಿಕ್ ಬೀಳುತ್ತದೆ, ಉತ್ತರ ಇಲ್ಲ. ನಂಬರ್ ಬದಲಾಯಿಸಿಲ್ಲ, ಬ್ಲಾಕ್ ಮಾಡಿಲ್ಲ ಅನ್ನುವುದಷ್ಟು ಗೊತ್ತು. ಈ ಸಲದ ಹುತ್ತರಿದು ಬರೆಯುವ ಸರದಿ ನನ್ನದು.